ಬಿಲ್ಲೆಯ ಬೆಲೆ

(ಪುಣೆಯ ಕನ್ನಡ ಹೊಟೇಲು ಮತ್ತು ಗಿರಣಿ ಕಾಮಗಾರರ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತಿಗೆ ಎತ್ತಿಕೊಂಡಿರುವುದು ಬಹು ಸಣ್ಣ ವಸ್ತು. ಅದು ಟೋಕನ್. ನಮ್ಮಲ್ಲಿ ಕೆಲವರು ಅದನ್ನು ಬಿಲ್ಲೆ ಎನ್ನುತ್ತೇವೆ, ಕೆಲವರು ಚೀಟಿ ಎನ್ನುತ್ತೇವೆ. ಗಿರಣಿಯ ಹಿರಿಯರಿಗೆ ಟಿಕೀಟು ನಂಬರು ಎಂದೇ ರೂಢಿ. ಹೊಟೇಲಿನ ಗಲ್ಲೆಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ, ದೇವಸ್ಥಾನದ ಎದುರು ಚಪ್ಪಲಿ ಬಿಡುವಲ್ಲಿ ಅದು ಕೈಗೆ ಬರುತ್ತದೆ, ಕೆಲಸ ಮುಗಿದೊಡನೆ ಕೈ ಬಿಟ್ಟು ಹೋಗುತ್ತದೆ. ಇಷ್ಟಕ್ಕೊಂದು ಭಾಷಣವೇ ಎಂದು ನೀವು ನಗಬಹುದು. ಆದರೆ ನಮ್ಮ ಹಾಜರಿ, ನಮ್ಮ ಪಗಾರ, ನಮ್ಮ ಮುಪ್ಪಿನ ದಿನದ ಹಣ ಎಲ್ಲವೂ ಒಂದಲ್ಲ ಒಂದು ಬಿಲ್ಲೆಗೆ ಕಟ್ಟುಬಿದ್ದಿವೆ. ಆದ್ದರಿಂದ ಅದನ್ನು ಸ್ವಲ್ಪ ತಿರುಗಿಸಿ ಮುರುಗಿಸಿ ನೋಡೋಣ.

ಬಿಲ್ಲೆಯ ಮೊದಲನೆಯ ಅರ್ಥ ಗುರುತು. ಹನುಮಂತನು ಸಮುದ್ರ ದಾಟಿ ಅಶೋಕವನಕ್ಕೆ ಹೋದಾಗ ಸೀತಾದೇವಿಯ ಸಂಶಯ ಪೂರ್ತಿ ಹರಿದದ್ದು ರಾಮನ ಮುದ್ರೆಯುಂಗುರವನ್ನು ಕಂಡ ಮೇಲೆ. ಆಕೆ ಮರಳಿ ಚೂಡಾಮಣಿಯನ್ನು ಕೊಟ್ಟು ಕಳಿಸಿದಳು. ಅಲ್ಲಿ ಬಂಗಾರದ ತೂಕಕ್ಕೆ ಬೆಲೆಯಿಲ್ಲ, 'ಇವನು ನಮ್ಮವನು' ಎಂದು ಸಾರುವ ಶಕ್ತಿಗೆ ಬೆಲೆ. ಶಕುಂತಲೆಯ ಕತೆ ಇದಕ್ಕೆ ತಿರುಗು. ಕಾಳಿದಾಸನು ನಾಟಕಕ್ಕೆ ಇಟ್ಟ ಹೆಸರಿನಲ್ಲಿರುವ 'ಅಭಿಜ್ಞಾನ' ಎಂದರೆ ಗುರುತು ಎಂದೇ ಅರ್ಥ. ಉಂಗುರ ನೀರಿಗೆ ಬಿದ್ದಿತು, ದೊರೆ ಅವಳ ಗುರುತೇ ಇಲ್ಲವೆಂದನು. ಹೆಣ್ಣುಮಗಳು ಕಣ್ಣೆದುರಿಗೆ ನಿಂತಿದ್ದರೂ ವಸ್ತು ಕಳೆದುದರಿಂದ ಅವಳ ಮಾತು ನಡೆಯಲಿಲ್ಲ. ಗೇಟಿನ ಹೊರಗೆ ನಿಂತು ಬಂದ ಕಾಮಗಾರನಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಅರ್ಥ ಸರದಿ. ಬ್ಯಾಂಕಿನಲ್ಲಿ ಚೆಕ್ಕು ಕೊಟ್ಟವರಿಗೆ ಹಿತ್ತಾಳೆಯ ಬಿಲ್ಲೆ ಕೊಟ್ಟು ಕೂಡಿಸುವ ಪದ್ಧತಿ ಬಹುಕಾಲ ನಡೆಯಿತು. ನಂಬರು ಕೂಗಿದಾಗ ಎದ್ದು ಹೋಗಬೇಕು. ಇದರಲ್ಲಿ ಒಂದು ಸಮಾನತೆಯಿದೆ. ಹದಿನೇಳನೆಯ ಬಿಲ್ಲೆ ಹಿಡಿದವನು ಕೋಟು ತೊಟ್ಟಿರಲಿ, ಹೆಗಲ ಮೇಲೆ ಮೇಜು ಒರೆಸುವ ಬಟ್ಟೆ ಹಾಕಿರಲಿ, ಹದಿನಾರನೆಯವನು ಎದ್ದ ಮೇಲೆಯೇ ಅವನ ಪಾಳಿ. ಸಿಫಾರಸು ಇಲ್ಲದವನಿಗೆ ಬಿಲ್ಲೆಯೇ ಸಿಫಾರಸು.

ಮೂರನೆಯ ಅರ್ಥ ಅಪ್ಪಣೆ. ನಮ್ಮಲ್ಲಿ ಅನೇಕರು ಪುಣೆ ಸೇರಿದ್ದು ಬೆಳಗಾವಿ, ಮೀರಜ ದಾರಿಯ ರೈಲಿನಲ್ಲಿ. ಒಂದೇ ಹಳಿಯಿರುವ ದಾರಿಯಲ್ಲಿ ಎರಡು ಗಾಡಿಗಳು ಎದುರು ಬದುರು ಬಾರದಂತೆ ನೋಡಿಕೊಳ್ಳಲು ರೈಲಿನವರು ಒಂದು ಉಪಾಯ ಮಾಡಿದ್ದರು. ಎರಡು ನಿಲ್ದಾಣಗಳಲ್ಲಿ ಎರಡು ಯಂತ್ರ, ಒಳಗೆ ಲೋಹದ ಗುಂಡುಗಳು. ಒಂದು ಗುಂಡು ಹೊರಗೆ ಬಂದಿದ್ದರೆ ಅದು ಯಂತ್ರಕ್ಕೆ ಮರಳುವವರೆಗೆ ಎರಡೂ ಕಡೆ ಇನ್ನೊಂದು ಹೊರಗೆ ಬಾರದು. ಆ ಗುಂಡನ್ನು ಚೀಲದಲ್ಲಿಟ್ಟು, ಬೆತ್ತದ ಬಳೆಗೆ ಕಟ್ಟಿ ಚಾಲಕನ ಕೈಗೆ ಕೊಡುವುದನ್ನು ನಮ್ಮ ಹಿರಿಯರು ಕಿಟಕಿಯಿಂದ ನೋಡಿದ್ದಾರೆ. ಅದಕ್ಕೂ ಟೋಕನ್ ಎಂದೇ ಹೆಸರು. ಚಾಲಕನು ಎಷ್ಟೇ ಅನುಭವಿಯಾಗಿರಲಿ, ಗುಂಡಿಲ್ಲದೆ ಗಾಡಿ ಬಿಡುವಂತಿಲ್ಲ. ನೂರಾರು ಜನರ ಜೀವ ಒಂದು ಗುಂಡಿನಲ್ಲಿತ್ತು.

ನಾಲ್ಕನೆಯ ಅರ್ಥ ಹಣದ ಬದಲು. ಇಲ್ಲಿ ಎಚ್ಚರ ಬೇಕು. ನಮ್ಮ ಈ ಮಹಾರಾಷ್ಟ್ರದ ದೌಲತಾಬಾದಿಗೆ ರಾಜಧಾನಿ ಸಾಗಿಸಿದ ಮಹಮ್ಮದ್ ಬಿನ್ ತುಘಲಕನು 1329ರ ಸುಮಾರಿಗೆ ಬೆಳ್ಳಿ ನಾಣ್ಯದ ಬದಲು ತಾಮ್ರ ಹಿತ್ತಾಳೆಯ ನಾಣ್ಯ ನಡೆಸಹೊರಟನು. ಗಿರೀಶ ಕಾರ್ನಾಡರು 1964ರಲ್ಲಿ ಪ್ರಕಟಿಸಿದ 'ತುಘಲಕ್' ನಾಟಕದಿಂದ ಕನ್ನಡಿಗರಿಗೆ ಈ ಸಂಗತಿ ಚೆನ್ನಾಗಿ ಗೊತ್ತು. ಖೋಟಾ ನಾಣ್ಯ ತಡೆಯುವ ವ್ಯವಸ್ಥೆಯಿರಲಿಲ್ಲ. ಮನೆ ಮನೆಯೂ ಟಂಕಸಾಲೆಯಾಯಿತು. ಕಡೆಗೆ ತಾಮ್ರ ತಂದವರಿಗೆ ಬೊಕ್ಕಸದಿಂದ ಬೆಳ್ಳಿ ಬಂಗಾರ ಕೊಟ್ಟು ಸುಲ್ತಾನನು ಆ ನಾಣ್ಯ ಹಿಂದೆ ತೆಗೆದುಕೊಂಡನು. ಬಿಲ್ಲೆಗೆ ಬೆಲೆ ಬರುವುದು ಲೋಹದಿಂದಲ್ಲ, ಅದರ ಹಿಂದಿರುವ ಮಾತು ಉಳಿದರೆ ಮಾತ್ರ ಎಂಬುದು ಇದರ ಪಾಠ.

ಸರ್ಕಾರದ ಮಾತಿನ ಮೇಲೆ ನಡೆಯುವ ನಾಣ್ಯ ಬೇರೆ, ಧಣಿಯ ಮಾತಿನ ಮೇಲೆ ನಡೆಯುವ ಬಿಲ್ಲೆ ಬೇರೆ. ಎರಡನೆಯ ಮಹಾಯುದ್ಧದ ಕಾಲಕ್ಕೆ, 1943ರಲ್ಲಿ, ಲೋಹ ಉಳಿಸಲು ನಡುವೆ ತೂತು ಮಾಡಿದ ಕಾಸು ಬಂದಿತು. ತೂತಿದ್ದರೂ ಅದು ಎಲ್ಲ ಅಂಗಡಿಯಲ್ಲಿ ನಡೆಯಿತು. ಧಣಿಯು ತನ್ನ ಬಿಲ್ಲೆಯನ್ನೇ ಪಗಾರವೆಂದು ಕೊಟ್ಟರೆ ಅದು ಅವನ ಅಂಗಡಿಯಲ್ಲಲ್ಲದೆ ಬೇರೆಲ್ಲಿ ನಡೆದೀತು? ಆಗ ಅವನು ಹೇಳಿದ್ದೇ ಅಕ್ಕಿಯ ದರ. ಖಾಸಗಿಯವರು ಹಣದಂತೆ ನಡೆಸುವ ಲೋಹದ ಬಿಲ್ಲೆ ಮಾಡಬಾರದೆಂದು 1889ರಲ್ಲಿಯೇ ಕಾಯದೆಯಾಗಿತ್ತು. ಅದನ್ನು ತೆಗೆದು ತಂದ 2011ರ ನಾಣ್ಯ ಕಾಯದೆಯಲ್ಲಿಯೂ ಆ ನಿಷೇಧ ಉಳಿದಿದೆ. ಪಗಾರವನ್ನು ಚಲಾವಣೆಯ ನಾಣ್ಯ ನೋಟುಗಳಲ್ಲಿಯೇ ಕೊಡಬೇಕೆಂದು 1936ರ ವೇತನ ಪಾವತಿ ಕಾಯದೆ ವಿಧಿಸಿತು. 2019ರ ವೇತನ ಸಂಹಿತೆಯಲ್ಲಿ ಅದರೊಡನೆ ಚೆಕ್ಕೂ ಬ್ಯಾಂಕು ಖಾತೆಯೂ ಇವೆ, ಬಿಲ್ಲೆ ಇಲ್ಲ. ಊಟದ ಕೂಪನ್ನು ಊಟಕ್ಕಿರಲಿ. ಪಗಾರದ ಜಾಗದಲ್ಲಿ ಅದು ಕೂಡಬಾರದು.

ಇನ್ನು ನಮ್ಮ ಮನೆಯ ಮಾತು. ಗಿರಣಿಯ ಗೇಟಿನಲ್ಲಿ ಖಾತೆಯ ಹೆಸರು, ನಂಬರು ಕೊರೆದ ಬಿಲ್ಲೆಯೇ ಕಾಮಗಾರನ ಹಾಜರಿ. ಭೋಂಗಾ ನಿಂತ ಮೇಲೆ ಬಂದವನ ಬಿಲ್ಲೆ ಒಳಗೆ ಹೋಗದು, ಅವನ ಜಾಗಕ್ಕೆ ಗೇಟಿನಲ್ಲಿ ಕಾದಿದ್ದ ಬದಲಿಯವನು ನುಗ್ಗುವನು. ಒಬ್ಬನ ತಡ ಇನ್ನೊಬ್ಬನ ಅನ್ನ. ಹೊಟೇಲಿನಲ್ಲಿ ಲೆಕ್ಕ ಬೇರೆ. ಕೆಲವು ಕಡೆ ಸಪ್ಲಾಯರನು ಅಡಿಗೆ ಮನೆಗೆ ಟೋಕನ್ ಕೊಟ್ಟು ದೋಸೆ ಎತ್ತಬೇಕು, ರಾತ್ರಿ ಗಲ್ಲೆಯಲ್ಲಿ ಲೆಕ್ಕ ಕೊಡಬೇಕು. ನಾಲ್ಕು ಟೋಕನ್ ಕಡಿಮೆ ಬಿದ್ದರೆ ನಾಲ್ಕು ದೋಸೆಯ ಹಣ ಅವನ ತಲೆಗೆ. ಗಿರಾಕಿ ಹಣ ಕೊಡದೆ ಎದ್ದು ಹೋದನೋ, ಭಟ್ಟರು ಎಣಿಕೆ ತಪ್ಪಿದರೋ, ಕೇಳುವವರಿಲ್ಲ.

ಕೇಳಬೇಕೆಂದು ಕಾಯದೆಯಿದೆ. 1936ರ ಕಾಯದೆಯೂ ಈಗಿನ ಸಂಹಿತೆಯೂ ಹೇಳುವುದಿಷ್ಟು: ಕೆಲಸಕ್ಕೆ ಬಾರದ ಹೊತ್ತಿಗೆ ತಕ್ಕಷ್ಟೇ ಪಗಾರ ಮುರಿಯಬಹುದು. ನಷ್ಟವು ಕಾಮಗಾರನ ಅಲಕ್ಷ್ಯದಿಂದ ಅಥವಾ ತಪ್ಪಿನಿಂದ ಆಗಿದ್ದರೆ ಮಾತ್ರ, ಆ ನಷ್ಟ ಮೀರದಂತೆ, ಅವನ ಮಾತು ಕೇಳಿದ ಮೇಲೆ ಹಿಡಿಯಬಹುದು. ಎಲ್ಲ ಕಡಿತ ಕೂಡಿದರೂ ಪಗಾರದ ಅರ್ಧ ದಾಟಬಾರದೆಂದು ಸಂಹಿತೆ ಗೆರೆ ಎಳೆದಿದೆ.

ಹಳೆಯ ಬಿಲ್ಲೆಗೂ ಕಾಲ ಬರುತ್ತದೆ. 1893ರಲ್ಲಿ ಆರಂಭವಾದ ಪುಣೆಯ ರಾಜಾ ಬಹಾದ್ದೂರ್ ಗಿರಣಿ ಇಂದಿಲ್ಲ, ಸ್ಟೇಶನ್ನಿನ ಬಳಿಯ ಆ ಆವರಣದಲ್ಲಿ ಈಗ ಹೊಟೇಲುಗಳಿವೆ. ಮುಂಬಯಿಯಲ್ಲಿ 1982ರ ಜನವರಿ 18ರಂದು ತೊಡಗಿದ ಮಹಾ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಲಕ್ಷಾಂತರ ಜನರ ನಂಬರು ಕೆಲಸಕ್ಕೆ ಬಾರದಾಯಿತು. ಆದರೆ ಮುಂದೆ ಗಿರಣಿ ಭೂಮಿಯಲ್ಲಿ ಕಾಮಗಾರರಿಗೆ ಮನೆ ಕೊಡುವ ನಿರ್ಣಯವಾಗಿ, 2012ರಲ್ಲಿ ಮ್ಹಾಡಾ ಲಾಟರಿ ತೆಗೆದಾಗ ಏನು ಕೇಳಿದರು? 1982ರ ಜನವರಿ 1ರಂದು ಅಥವಾ ಆಮೇಲೆ ಕೆಲಸದಲ್ಲಿದ್ದ ಪುರಾವೆ. ಟಿಕೀಟು ನಂಬರು, ಗುರುತಿನ ಚೀಟಿ, ಭವಿಷ್ಯನಿಧಿಯ ನಂಬರು, ಈ.ಎಸ್.ಐ. ನಂಬರು. ಪೆಟ್ಟಿಗೆಯ ತಳದಲ್ಲಿ ಚೀಟಿ ಕಾದಿಟ್ಟ ಮನೆಯವರು ಅರ್ಜಿ ಹಾಕಬಲ್ಲವರಾದರು. ಇಲ್ಲದವರ ದುಡಿಮೆಗೆ ಅವರ ಬೆನ್ನುನೋವಷ್ಟೇ ಸಾಕ್ಷಿಯಾಯಿತು.

ಹೊಟೇಲಿನ ನಮ್ಮ ಹುಡುಗರಿಗೆ ಅಷ್ಟೂ ಇಲ್ಲ. ಹತ್ತು ವರ್ಷ ಒಂದೇ ಗಲ್ಲೆಯ ಕೆಳಗೆ ದುಡಿದರೂ ಹೆಸರು ಯಾವ ಪಟ್ಟಿಯಲ್ಲಿಯೂ ಇರದವರು ಎಷ್ಟು ಮಂದಿ! 2020ರ ಮಹಾಮಾರಿಯಲ್ಲಿ ಹೊಟೇಲು ಮುಚ್ಚಿ, ಊರಿಗೆ ಹೊರಟು, ಗಡಿಯಲ್ಲಿ ಸೇವಾಸಿಂಧು ಪಾಸಿಲ್ಲದೆ ನಿಂತ ಕನ್ನಡಿಗರ ಪಾಡನ್ನು ನಾವು ಮರೆಯಲಾಗದು. ತಮ್ಮ ನಾಡಿನ ಬಾಗಿಲಲ್ಲಿಯೇ ಅವರು ಉಂಗುರ ಕಳೆದ ಶಕುಂತಲೆಯಾದರು.

ಈಗ ಟೋಕನ್ ಕಣ್ಣಿಗೂ ಕಾಣದಷ್ಟು ಸೂಕ್ಷ್ಮವಾಗಿದೆ. 2022ರ ಅಕ್ಟೋಬರ್ 1ರಿಂದ ಅಂತರ್ಜಾಲದ ಅಂಗಡಿಗಳು ನಮ್ಮ ಕಾರ್ಡಿನ ನಂಬರು ಇಟ್ಟುಕೊಳ್ಳಬಾರದು, ಬದಲಿಗೆ ಟೋಕನ್ ಇಡಬೇಕೆಂದು ರಿಸರ್ವ್ ಬ್ಯಾಂಕು ನಿಯಮಿಸಿತು. ಹಣವುಳ್ಳವರ ಗುರುತಿಗೆ ಇಷ್ಟು ಕಾವಲಿರುವಾಗ ದುಡಿಯುವವರ ಗುರುತು ಗಾಳಿಯಲ್ಲಿರಬೇಕೆ?

ಆದ್ದರಿಂದ ಬಂಧುಗಳೆ, ಮೂರು ಕೆಲಸ ಮಾಡೋಣ. ಒಂದು, ಕೆಲಸದ ನೇಮಕಪತ್ರ ಕೇಳಿ ಪಡೆಯೋಣ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ, ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಅದನ್ನು ಕೊಡಲೇಬೇಕೆಂದಿದೆ. ಎರಡು, ಇಪ್ಪತ್ತು ಜನರಿರುವ ಹೊಟೇಲಿನವರು ಭವಿಷ್ಯನಿಧಿಯ ನಂಬರು ಕೇಳೋಣ. ಯಾವ ನಿಧಿಯೂ ಇಲ್ಲದವರು 2021ರಲ್ಲಿ ತೆರೆದ ಈ-ಶ್ರಮದಲ್ಲಿ ಹೆಸರು ಬರೆಸೋಣ. ಮೂರು, ಈ ಚೀಟಿಗಳ ಒಂದು ಪ್ರತಿ ಊರಿನ ಮನೆಯಲ್ಲಿ ಇಡೋಣ. ಓದು ಬಾರದ ಸೋದರನಿಗೆ ಓದು ಬಲ್ಲವನು ರವಿವಾರ ಒಂದು ಗಂಟೆ ಕೊಟ್ಟರೆ ಸಾಕು.

ಎಲ್ಲ ಬಿಲ್ಲೆಗಳನ್ನೂ ಹೊತ್ತು ಮುಗಿದ ಮೇಲೆ ಮರಳಿಸಬೇಕಾಗುತ್ತದೆ. ಬ್ಯಾಂಕಿನದು ಬ್ಯಾಂಕಿಗೆ, ರೈಲಿನದು ರೈಲಿಗೆ, ಗಿರಣಿಯದು ಗಿರಣಿಗೆ. ನಮ್ಮ ಹೆಸರು ಬರೆದ ಚೀಟಿ ಮಾತ್ರ ನಮ್ಮಲ್ಲಿ ಉಳಿಯಬೇಕು. ಅದನ್ನು ಕಾದಿಟ್ಟುಕೊಳ್ಳಿರಿ, ಪಕ್ಕದವನಲ್ಲಿಯೂ ಇದೆಯೇ ಎಂದು ಕೇಳಿರಿ.