ಡಾಕ್ಟರರ ಮುಂದೆ ಯಾರು ಮಾತಾಡಬೇಕು?



1894ರಲ್ಲಿ ವಾನ್ಲೆಸ್ ಸಾಹೇಬರು ಮಿರಜಿನಲ್ಲಿ ಆಸ್ಪತ್ರೆ ತೆರೆದರು. ಜಡ್ಡು ಬಂದರೆ ಮಿರಜಿಗೆ ಹೋಗುವುದು ಗಡಿಯ ಕನ್ನಡಿಗರಿಗೆ ಹಳೆಯ ರೂಢಿ. ಸಾಂಗಲಿಯವನಾದ ನಾನೂ ಮನೆಯಾಕೆಯನ್ನು ಅಲ್ಲಿಯ ಒಬ್ಬ ಡಾಕ್ಟರರಿಗೆ ತೋರಿಸಿದೆ.

ಆಕೆಗೆ ಸದಾ ಆಯಾಸ, ಚಳಿ, ಮರೆವು. ಸೋಮಾರಿತನವೆಂದು ನಾನು ಗದರಿಸಿದ್ದೆ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯೆಂದು ತಿಳಿಯಿತು. ಕೊರಳಿನ ಈ ಸಣ್ಣ ಗ್ರಂಥಿ ಸೋತರೆ ಇಡೀ ದೇಹದ ಕೆಲಸವೇ ನಿಧಾನವಾಗುತ್ತದೆ.

ಗುಳಿಗೆ ಶುರುವಾಯಿತು. ಆಕೆಗೆ ಮರಾಠಿ ಬಾರದು. ಡಾಕ್ಟರರ ಪ್ರಶ್ನೆಗೆಲ್ಲ ನನ್ನದೇ ಉತ್ತರ: “ತಪ್ಪದೆ ತಗೊಳ್ತಾಳೆ.” ಆದರೂ ಗುಣವಿಲ್ಲ, ಎರಡು ಸಲ ಡೋಸು ಏರಿತು.

ಒಂದು ದಿನ ಕನ್ನಡ ಬಲ್ಲ ನರ್ಸಬಾಯಿ ಆಕೆಯನ್ನೇ ಕೇಳಿದರು: “ಅಕ್ಕಾರ, ಗುಳಿಗಿ ಹ್ಯಾಂಗ ತೊಗೋತೀರಿ?”

“ಚಹಾದ ಕೂಡ ರೀ. ಕ್ಯಾಲ್ಸಿಯಂ ಗುಳಿಗಿನೂ ಆವಾಗs.”

ತಪ್ಪು ಅಲ್ಲಿತ್ತು. ಈ ಗುಳಿಗೆಯನ್ನು ಬರಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಚಹಾ-ತಿಂಡಿಗೆ ಅರ್ಧದಿಂದ ಒಂದು ತಾಸು ಕಾಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗೆ ನಾಲ್ಕು ತಾಸಿನ ಅಂತರ ಬೇಕು. ಡಾಕ್ಟರರು ಡೋಸು ಇಳಿಸಿ, ಆರು ವಾರಕ್ಕೆ ಮತ್ತೆ ರಕ್ತ ನೋಡಿದರು. ಈಗ ಆಕೆ ಚೆನ್ನಾಗಿದ್ದಾಳೆ.

ಬ್ಯಾಂಕಿನಲ್ಲಿ ಖಾತೆದಾರರ ಸಹಿಯಿಲ್ಲದೆ ಒಂದು ರೂಪಾಯಿ ಕೊಡದ ನಾನು, ಹೆಂಡತಿಯನ್ನು ಕೇಳದೆಯೇ ಆಕೆಯ ಮೈಯ ಲೆಕ್ಕ ಒಪ್ಪಿಸಿದ್ದೆ!

ಈಗ ಯಾವ ಗುಳಿಗೆ, ಯಾವ ಹೊತ್ತಿಗೆ, ಯಾವುದರ ಜೊತೆ ಎಂದು ಚೀಟಿಯಲ್ಲಿ ಬರೆದೊಯ್ಯುತ್ತೇವೆ. ಮೊದಲು ಆಕೆ ಮಾತಾಡುತ್ತಾಳೆ. ನಾನು ಅದನ್ನು ಮರಾಠಿಯಲ್ಲಿ ಹೇಳುತ್ತೇನೆ, ಅಷ್ಟೆ. ನೀವೂ ಹಾಗೆ ಮಾಡಿರಿ.