ಬಾಗಿಲಲ್ಲಿ ಕೇಳಬಹುದಾದ ಎರಡೇ ಪ್ರಶ್ನೆಗಳು



ಹೋಟೆಲಿನ ಬಾಗಿಲಿಗೆ ನಾಯಿಯೊಂದು ಬಂದರೆ ನಾವೇನು ಮಾಡುತ್ತೇವೆ? ‘ಹಚಾ’ ಎಂದು ಓಡಿಸುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ನಾಯಿಯ ಬೆನ್ನಿಗೆ ಕಟ್ಟಿದ ಹಿಡಿಕೆಯನ್ನು ಕಣ್ಣು ಕಾಣದ ಒಬ್ಬರು ಹಿಡಿದು ನಿಂತಿದ್ದರೆ? ಆಗ ನಾವು ಓಡಿಸುತ್ತಿರುವುದು ನಾಯಿಯನ್ನೋ, ಮನುಷ್ಯರನ್ನೋ? ಈ ಪ್ರಶ್ನೆಗೆ ಅಮೆರಿಕದ ಕಾನೂನು ಕೊಟ್ಟಿರುವ ಉತ್ತರವನ್ನು ಇಂದು ನೋಡೋಣ.

ಮೊದಲು ಸ್ವಲ್ಪ ಚರಿತ್ರೆ. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯಲ್ಲಿ ನಾಯಿಗಳನ್ನು ಪಳಗಿಸುವ ಶಾಲೆಗಳು ಹುಟ್ಟಿಕೊಂಡವು. ಆ ಶಾಲೆಗಳ ಬಗ್ಗೆ ಡೊರೊತಿ ಯೂಸ್ಟಿಸ್ ಎಂಬ ಮಹಿಳೆ 1927ರಲ್ಲಿ ಒಂದು ಪತ್ರಿಕಾ ಲೇಖನ ಬರೆದರು. ಅಮೆರಿಕದ ನ್ಯಾಶ್‌ವಿಲ್ ನಗರದ ಮಾರಿಸ್ ಫ್ರಾಂಕ್ ಎಂಬ ಅಂಧ ತರುಣನ ಕಿವಿಗೆ ಅದು ಬಿತ್ತು. ಅವನು ಆಕೆಗೆ ಪತ್ರ ಬರೆದು, ಸ್ವಿಟ್ಜರ್ಲೆಂಡಿಗೆ ಹೋಗಿ, 1928ರಲ್ಲಿ ಬಡ್ಡಿ ಎಂಬ ಹೆಣ್ಣು ಜರ್ಮನ್ ಶೆಫರ್ಡ್ ನಾಯಿಯೊಂದಿಗೆ ಮರಳಿದ. ನ್ಯೂಯಾರ್ಕಿನ ವಾಹನ ತುಂಬಿದ ರಸ್ತೆಯೊಂದನ್ನು ಪತ್ರಕರ್ತರ ಎದುರಿಗೇ ಬಡ್ಡಿಯ ಜೊತೆ ದಾಟಿ ತೋರಿಸಿದ. ಮರುವರ್ಷವೇ ‘ಸೀಯಿಂಗ್ ಐ’ ಎಂಬ ತರಬೇತಿ ಸಂಸ್ಥೆ ಆರಂಭವಾಯಿತು.

ರಸ್ತೆ ದಾಟುವುದೇನೋ ಆಯಿತು. ಅಂಗಡಿ, ಊಟದ ಮನೆ, ರೈಲುಗಳ ಬಾಗಿಲು ದಾಟುವುದು ಬೇರೆಯದೇ ಹೋರಾಟ. ಇಡೀ ದೇಶಕ್ಕೆ ಅನ್ವಯಿಸುವ ‘ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆ್ಯಕ್ಟ್’ ಎಂಬ ವಿಶಾಲ ಕಾನೂನಿಗೆ ಹಿರಿಯ ಜಾರ್ಜ್ ಬುಷ್ ಅವರು ಸಹಿ ಹಾಕಿದ್ದು 1990ರ ಜುಲೈ 26ರಂದು. ಅದರಡಿಯ ನಿಯಮಗಳನ್ನು 2010ರಲ್ಲಿ ಪರಿಷ್ಕರಿಸಲಾಯಿತು. ಅವು 2011ರ ಮಾರ್ಚ್ 15ರಿಂದ ಜಾರಿಯಲ್ಲಿವೆ.

ಈ ನಿಯಮಗಳ ಪ್ರಕಾರ ಸೇವಾ ನಾಯಿ ಎಂದರೆ ಯಾವುದು? ವೈಕಲ್ಯವುಳ್ಳ ಒಬ್ಬ ವ್ಯಕ್ತಿಗಾಗಿ ನಿರ್ದಿಷ್ಟ ಕೆಲಸ ಮಾಡಲು ಪಳಗಿದ ನಾಯಿ. ಅಂಧರಿಗೆ ದಾರಿ ತೋರುವುದು ಮಾತ್ರವೇ ಅಲ್ಲ. ಕಿವಿ ಕೇಳದವರಿಗೆ ಕರೆಗಂಟೆ ಬಾರಿಸಿತೆಂದು ತಿಳಿಸುವುದು, ಗಾಲಿಕುರ್ಚಿಯನ್ನು ಎಳೆಯುವುದು, ಮೂರ್ಛೆ ಬಂದಾಗ ಕಾಯುವುದು ಕೂಡ ಕೆಲಸಗಳೇ. ಜೊತೆಗಿದ್ದು ಮನಸ್ಸಿಗೆ ನೆಮ್ಮದಿ ಕೊಡುವ ನಾಯಿ ಎಷ್ಟೇ ಪ್ರೀತಿಯದಾದರೂ ಈ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಮನೋವ್ಯಾಧಿಯ ಆವೇಗ ಬರುವುದನ್ನು ಮೊದಲೇ ಗುರುತಿಸಿ, ಕಲಿಸಿದಂತೆ ತನ್ನ ಯಜಮಾನನನ್ನು ಎಚ್ಚರಿಸುವ ನಾಯಿ ಸೇರುತ್ತದೆ. ಇಲ್ಲಿ ಮುಖ್ಯವಾದುದು ತರಬೇತಿ. (ನಾಯಿಯಲ್ಲದೆ ಪಳಗಿದ ಪುಟ್ಟ ಜಾತಿಯ ಕುದುರೆಗಳಿಗೂ ಆ ನಿಯಮಗಳಲ್ಲಿ ಪ್ರತ್ಯೇಕ ಅವಕಾಶವಿದೆ ಎಂದರೆ ನೀವು ನಗಬಹುದು, ಇರುವುದು ನಿಜ!)

ಈಗ ಬಾಗಿಲ ಬಳಿಗೆ ಬರೋಣ. ನಾಯಿಯ ಕೆಲಸ ಏನೆಂಬುದು ನೋಡಿದೊಡನೆ ತಿಳಿಯದಿದ್ದರೆ ಹೋಟೆಲಿನವರು ಎರಡೇ ಪ್ರಶ್ನೆ ಕೇಳಬಹುದು. ವೈಕಲ್ಯದ ಕಾರಣದಿಂದ ಬೇಕಾದ ಸೇವಾ ನಾಯಿಯೇ ಇದು? ಇದಕ್ಕೆ ಯಾವ ಕೆಲಸ ಕಲಿಸಲಾಗಿದೆ? ಅಷ್ಟೇ. ‘ನಿಮಗೇನು ಕಾಯಿಲೆ?’ ಎಂದು ಕೇಳುವಂತಿಲ್ಲ. ‘ಎಲ್ಲಿ, ಮಾಡಿಸಿ ತೋರಿಸಿ’ ಎನ್ನುವಂತಿಲ್ಲ. ಪ್ರಮಾಣಪತ್ರ ಕೇಳುವಂತಿಲ್ಲ. ಬೇರೆ ಗಿರಾಕಿಗೆ ನಾಯಿಯೆಂದರೆ ಭಯ, ನಾಯಿಯ ಕೂದಲು ಮೈಗೆ ಒಗ್ಗುವುದಿಲ್ಲ ಎಂಬ ಕಾರಣಕ್ಕೆ ಹೊರಗೆ ನಿಲ್ಲಿಸುವಂತೆಯೂ ಇಲ್ಲ. ಇಬ್ಬರಿಗೂ ಬೇರೆ ಬೇರೆ ಕಡೆ ಜಾಗ ಮಾಡಿಕೊಡಬೇಕು. ನಾಯಿಗೆಂದು ಹೆಚ್ಚಿನ ಶುಲ್ಕ ವಸೂಲು ಮಾಡಬಾರದು.

ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರವೆಂದು ಸಾಲಿನಲ್ಲಿ ನಿಂತು ಬೆಳೆದ ನಮಗೆ ಇದು ವಿಚಿತ್ರವೆನಿಸುತ್ತದೆ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಯೋಚಿಸಿ ನೋಡಿ: ನೀವು ಪುಸ್ತಕದಂಗಡಿಗೆ ಹೋಗುವಾಗ ಯಾವ ಕಾಗದ ತೋರಿಸುತ್ತೀರಿ? ಕಣ್ಣಿದ್ದವರು ಕಾಗದವಿಲ್ಲದೆ ಹೋಗುವ ಜಾಗಕ್ಕೆ ಕಣ್ಣಿಲ್ಲದವರು ಮಾತ್ರ ಕಾಗದ ಹಿಡಿದು ಏಕೆ ಹೋಗಬೇಕು? ಇದರಿಂದ ತೊಂದರೆ ಇಲ್ಲವೆಂದಲ್ಲ. ಸಾಕುನಾಯಿಗೆ ಒಂದು ಅಂಗಿ ತೊಡಿಸಿ ಸೇವಾ ನಾಯಿಯೆಂದು ಸುಳ್ಳು ಹೇಳುವವರು ಅಲ್ಲಿಯೂ ಇದ್ದಾರೆ. ಹಣ ತೆಗೆದುಕೊಂಡು ನೋಂದಣಿ ಪತ್ರ ಮಾರುವವರೂ ಇದ್ದಾರೆ. ಆ ಪತ್ರಗಳಿಗೆ ಈ ಕಾನೂನಿನಲ್ಲಿ ಕಾಸಿನ ಬೆಲೆಯಿಲ್ಲ. ಫ್ಲಾರಿಡಾ, ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಇಂಥ ಸುಳ್ಳನ್ನು ಶಿಕ್ಷಾರ್ಹ ಅಪರಾಧ ಮಾಡಿವೆ. ಸುಳ್ಳುಗಾರನ ನಾಯಿ ಕಚ್ಚಿದರೆ ಅದರ ಫಲ ಉಣ್ಣುವವನು ಮರುದಿನ ಅದೇ ಬಾಗಿಲಿಗೆ ಬರುವ ಅಂಧ ಮನುಷ್ಯ.

ಹಕ್ಕಿನ ಜೊತೆಗೆ ಯಜಮಾನನ ಹೊಣೆಯೂ ಇದೆ. ನಾಯಿ ಹಗ್ಗ ಅಥವಾ ಪಟ್ಟಿಯ ಹಿಡಿತದಲ್ಲಿರಬೇಕು; ಅದರಿಂದ ಕೆಲಸಕ್ಕೆ ಅಡ್ಡಿಯಾಗುವುದಾದರೆ ಮಾತು, ಸನ್ನೆಗಳ ಹಿಡಿತದಲ್ಲಾದರೂ ಇರಬೇಕು. ಊರಿನ ನಿಯಮದಂತೆ ಚುಚ್ಚುಮದ್ದು ಹಾಕಿಸಿರಬೇಕು. ನಾಯಿ ಅಂಕೆ ತಪ್ಪಿದರೆ, ಯಜಮಾನ ಸುಧಾರಿಸದಿದ್ದರೆ, ಅಥವಾ ಒಳಗೆ ಗಲೀಜು ಮಾಡುವ ಸ್ವಭಾವವಿದ್ದರೆ ಹೊರಗೆ ಕಳಿಸಬಹುದು. ಆಗಲೂ ಕಳಿಸುವುದು ನಾಯಿಯನ್ನು ಮಾತ್ರ. ಮನುಷ್ಯನಿಗೆ ಊಟ ಬಡಿಸಲೇಬೇಕು. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಗೆ ಪ್ರವೇಶವಿಲ್ಲ. ವಿಮಾನಕ್ಕೆ ಬೇರೆಯೇ ನಿಯಮ. ನವಿಲನ್ನೇ ವಿಮಾನಕ್ಕೆ ಹತ್ತಿಸಲು ಹೊರಟ ಪ್ರಯಾಣಿಕರೊಬ್ಬರ ಸುದ್ದಿ 2018ರಲ್ಲಿ ಎಲ್ಲೆಡೆ ಹರಡಿತ್ತು! 2021ರ ಜನವರಿಯಿಂದ ಅಲ್ಲಿ ಪಳಗಿದ ನಾಯಿಗೆ ಮಾತ್ರ ಈ ಹಕ್ಕು. ಅದರ ಆರೋಗ್ಯ, ನಡತೆ, ತರಬೇತಿಗಳ ಬಗ್ಗೆ ಲಿಖಿತ ಹೇಳಿಕೆಯನ್ನು ವಿಮಾನ ಸಂಸ್ಥೆ ಕೇಳಬಹುದು.

ನಿಮ್ಮಲ್ಲಿ ಕೆಲವರು ಓದಿಗಾಗಿ ಆ ದೇಶಕ್ಕೆ ಹೋಗಬಹುದು. ತರಗತಿಯಲ್ಲಿ ಪಕ್ಕದ ಬೆಂಚಿನಡಿ ಇಂಥ ನಾಯಿ ಮಲಗಿರಬಹುದು. ಅದನ್ನು ಸವರಬೇಡಿ, ಬಿಸ್ಕತ್ತು ಕೊಡಬೇಡಿ, ಅದು ಕೆಲಸದಲ್ಲಿದೆ.

ತರಗತಿಯ ಮಾತು ಬಂದಾಗ ಒಂದು ಮೊಕದ್ದಮೆಯನ್ನು ಹೇಳದಿರಲಾರೆ. ಮಿಷಿಗನ್ ರಾಜ್ಯದಲ್ಲಿ ಐದು ವರ್ಷದ ಒಬ್ಬ ಹುಡುಗಿ. ಮೆದುಳಿನ ವಾತದಿಂದ ಕೈಕಾಲುಗಳ ಚಲನೆ ಕಷ್ಟ, ಬುದ್ಧಿ ಚುರುಕು. 2009ರಲ್ಲಿ ವೈದ್ಯರ ಸಲಹೆಯಂತೆ ಅವಳಿಗೆ ವಂಡರ್ ಎಂಬ ನಾಯಿ ಬಂತು. ಬಿದ್ದ ವಸ್ತು ಎತ್ತಿಕೊಡುವುದು, ಬಾಗಿಲು ತೆರೆಯುವುದು, ದೀಪ ಹಾಕುವುದು, ಕೋಟು ಬಿಚ್ಚಲು ನೆರವಾಗುವುದು ಅದರ ಕೆಲಸ. ಶಾಲೆಯವರು ಒಪ್ಪಲಿಲ್ಲ. ‘ಅವಳ ಸಹಾಯಕ್ಕೆ ಆಯಾ ಇದ್ದಾಳಲ್ಲ’ ಎಂಬುದು ಅವರ ವಾದ. ಆಮೇಲೆ ಕೆಲವು ದಿನ ಪರೀಕ್ಷಾರ್ಥವಾಗಿ ಬಿಟ್ಟರು. ಆದರೆ ನಾಯಿ ಕೊಠಡಿಯ ಹಿಂಬದಿಯಲ್ಲಿರಬೇಕು, ಊಟದ ಹೊತ್ತು, ಆಟದ ಹೊತ್ತು ಜೊತೆಗಿರಕೂಡದು. ತಂದೆತಾಯಿ ಮಗಳನ್ನು ಶಾಲೆ ಬಿಡಿಸಿದರು, ನ್ಯಾಯಾಲಯಕ್ಕೂ ಹೋದರು. ಶಿಕ್ಷಣಕ್ಕೆ ಸಂಬಂಧಿಸಿದ ದೂರಾದ್ದರಿಂದ ಮೊದಲು ವಿಶೇಷ ಶಿಕ್ಷಣ ಕಾನೂನಿನ ವಿಚಾರಣೆಯನ್ನೆಲ್ಲ ಮುಗಿಸಿ ಬನ್ನಿ ಎಂದು ಕೆಳಗಿನ ನ್ಯಾಯಾಲಯಗಳು ಹೇಳಿದವು.

ಫ್ರೈ ಪ್ರಕರಣವೆಂದು ಹೆಸರಾದ ಇದರ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ ಕೊಟ್ಟಿದ್ದು 2017ರ ಫೆಬ್ರವರಿ 22ರಂದು. ತೀರ್ಪು ಬರೆದ ನ್ಯಾಯಮೂರ್ತಿ ಎಲೆನಾ ಕೇಗನ್ ಅವರೂ ಎರಡು ಪ್ರಶ್ನೆಗಳನ್ನೇ ಮುಂದಿಟ್ಟರು. ಇದೇ ದೂರನ್ನು ಸಾರ್ವಜನಿಕ ಗ್ರಂಥಾಲಯದ ಮೇಲೂ ಹೂಡಬಹುದಿತ್ತೇ? ಶಾಲೆಗೆ ಬಂದ ದೊಡ್ಡವರೊಬ್ಬರೂ ಇದೇ ದೂರು ಕೊಡಬಹುದಿತ್ತೇ? ಎರಡಕ್ಕೂ ಹೌದೆಂಬ ಉತ್ತರವಿದ್ದರೆ ಅದು ಪಾಠದ ಗುಣಮಟ್ಟದ ದೂರಲ್ಲ, ಸಮಾನ ಪ್ರವೇಶದ ದೂರು. ಆಗ ಆ ಸುತ್ತು ದಾರಿ ಬೇಕಿಲ್ಲ. ಕೆಳಗಿನ ತೀರ್ಪನ್ನು ರದ್ದುಮಾಡಿ, ಈ ದೃಷ್ಟಿಯಿಂದ ಮತ್ತೆ ಪರಿಶೀಲಿಸುವಂತೆ ಪ್ರಕರಣವನ್ನು ಹಿಂದಕ್ಕೆ ಕಳುಹಿಸಲಾಯಿತು. ಪೀಠದಲ್ಲಿದ್ದ ಎಂಟೂ ಜನ ನ್ಯಾಯಮೂರ್ತಿಗಳು ಇದಕ್ಕೆ ಒಪ್ಪಿದ್ದರು.

ಅಷ್ಟರಲ್ಲಿ ಹುಡುಗಿಗೆ ಹದಿಮೂರು ತುಂಬುತ್ತ ಬಂದಿತ್ತು. ಅವಳು ಬೇರೆ ಶಾಲೆ ಸೇರಿ ವರ್ಷಗಳೇ ಆಗಿದ್ದವು. ಆ ಶಾಲೆಯ ಮುಖ್ಯೋಪಾಧ್ಯಾಯರು, ಶಿಕ್ಷಕರು ಅವಳನ್ನೂ ವಂಡರನ್ನೂ ಸಂತೋಷದಿಂದಲೇ ಒಳಗೆ ಕರೆದುಕೊಂಡಿದ್ದರು.