ಬಾಡಿಗೆ ಕಾರು ಬೇಡವೆನ್ನುವ ಹಿರಿಯರು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ವೇದಿಕೆಯಿಂದ ಭಾಷೆ, ಸಾಹಿತ್ಯ, ಗಡಿನಾಡಿನ ಹಕ್ಕುಬಾಧ್ಯತೆಗಳನ್ನು ಕುರಿತು ಮಾತನಾಡುವುದು ವಾಡಿಕೆ. ಆ ವಿಷಯಗಳನ್ನು ನಮಗಿಂತ ಬಲ್ಲವರು ಈಗಾಗಲೇ ವಿಶದಪಡಿಸಿದ್ದಾರೆ. ನಾವು ಆರಿಸಿಕೊಂಡ ವಿಷಯ ಮನೆಯಂಗಳದ್ದು; ಕೇಳುವುದಕ್ಕೆ ಅಲ್ಪವೆನಿಸಬಹುದು. ನಮ್ಮ ಮನೆಗಳ ಹಿರಿಯರಲ್ಲಿ ಹಲವರು ಬಾಡಿಗೆ ಕಾರಿಗೆ, ಕೆಲವರು ರಿಕ್ಷಾಕ್ಕೆ ಸಹ, ಹಣ ಕೊಡಲು ಒಪ್ಪುವುದಿಲ್ಲ. ಕೈಯಲ್ಲಿ ಕಾಸಿಲ್ಲದವರ ಮಾತನ್ನು ನಾವು ಹೇಳುತ್ತಿಲ್ಲ. ಇದ್ದೂ ಒಪ್ಪದವರ ಮಾತನ್ನು ಹೇಳುತ್ತಿದ್ದೇವೆ. ಇದೇಕೆ ಹೀಗೆ, ಇದರಲ್ಲಿ ನಾವು ಗೌರವಿಸಬೇಕಾದುದೆಷ್ಟು, ತಿದ್ದಬೇಕಾದುದೆಷ್ಟು ಎಂಬುದನ್ನು ತಮ್ಮ ಮುಂದಿಡುವುದೇ ನಮ್ಮ ಉದ್ದೇಶ.

ಬದಿಯಡ್ಕದ ಆಚೆಗಿನ ಒಂದು ಹಳ್ಳಿಯಲ್ಲಿ ನಡೆದ ಸಂಗತಿಯಿದು. ಎಂಬತ್ತರ ಸಮೀಪದ ಹಿರಿಯರೊಬ್ಬರು ಕಣ್ಣಿನ ತಪಾಸಣೆಗೆ ಕಾಸರಗೋಡಿಗೆ ಹೋಗಬೇಕಾಗಿತ್ತು. ಬೆಂಗಳೂರಿನಲ್ಲಿರುವ ಮಗನು ಅಲ್ಲಿಂದಲೇ ಕಾರೊಂದನ್ನು ಗೊತ್ತುಮಾಡಿ ಮನೆಯಂಗಳಕ್ಕೆ ಕಳುಹಿಸಿದನು. ಹಿರಿಯರು ಚಾಲಕನನ್ನು ಆದರದಿಂದ ಜಗಲಿಯಲ್ಲಿ ಕುಳ್ಳಿರಿಸಿ, ಮಜ್ಜಿಗೆ ಕೊಟ್ಟು, ಅವನು ಬಂದ ಎಣ್ಣೆಯ ಖರ್ಚನ್ನೂ ಕೊಟ್ಟು ಹಿಂದಕ್ಕೆ ಕಳುಹಿಸಿದರು. ಅನಂತರ ಕೊಡೆ ತೆಗೆದುಕೊಂಡು ಗುಡ್ಡೆಯಿಳಿದು ಬಸ್ಸಿಗೆ ನಡೆದರು. ಮಗನು ಫೋನಿನಲ್ಲಿ ಆಕ್ಷೇಪಿಸಿದಾಗ ಅವರು ಕೊಟ್ಟ ಉತ್ತರ ಇಷ್ಟೆ: "ನಾಲ್ಕು ಜನ ಕೂತುಕೊಳ್ಳುವ ಗಾಡಿಯಲ್ಲಿ ನಾನೊಬ್ಬನೇ ಕೂತರೆ, ಉಳಿದ ಮೂವರ ಜಾಗ ಹಾಳು ಮಾಡಿದ ಪಾಪ ಯಾರಿಗೆ?"

ಇದನ್ನು ಕೇಳಿದ ತರುಣರು ನಕ್ಕು, "ಜಿಪುಣತನ" ಎಂದರು. ನಾವು ಕನ್ನಡ ಪಾಠ ಹೇಳುವವರಾದುದರಿಂದ ಮೊದಲು ಶಬ್ದಗಳನ್ನು ಬೇರ್ಪಡಿಸಿ ನೋಡುವುದು ನಮಗೆ ಅಭ್ಯಾಸ. ತಾನೂ ಉಣ್ಣದೆ ಪರರಿಗೂ ಇಕ್ಕದೆ ಕೂಡಿಡುವವನು ಲೋಭಿ. ಈ ಹಿರಿಯರೋ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟವರು. ಊರಿನ ಕನ್ನಡ ಶಾಲೆಗೆ ಮಾಡು ಹೊದಿಸುವಾಗ ಮರ ಕಡಿಸಿಕೊಟ್ಟವರು. ಮನೆಗೆ ಬಂದವರನ್ನು ಊಟವಿಲ್ಲದೆ ಕಳುಹಿಸದವರು. ಹಿಂದಕ್ಕೆ ಕಳುಹಿಸಿದ ಚಾಲಕನಿಗೂ ಎಣ್ಣೆಯ ಹಣ ಕೊಟ್ಟವರನ್ನು ಲೋಭಿಯೆನ್ನುವುದು ಹೇಗೆ? ಅವರ ಲೆಕ್ಕದ ಪುಸ್ತಕ ಬೇರೆ. ಅದನ್ನು ಓದಲು ನಾವು ಕಲಿತಿಲ್ಲ.

ಆ ಪುಸ್ತಕದ ಮೊದಲ ಪುಟಗಳನ್ನು ನೋಡೋಣ. ಇಂದು ಎಪ್ಪತ್ತೈದು ಎಂಬತ್ತು ದಾಟಿದವರು ಆಣೆ ಕಾಸುಗಳನ್ನು ಎಣಿಸಿ ಬಾಲ್ಯ ಕಳೆದವರು. ಹದಿನಾರು ಆಣೆಯ ರೂಪಾಯಿ ನೂರು ನಯಾಪೈಸೆಯ ರೂಪಾಯಿಯಾದುದು 1957ರ ಏಪ್ರಿಲ್ 1ರಂದು. ಅದಕ್ಕೆ ಐದು ತಿಂಗಳು ಮೊದಲು, 1956ರ ನವೆಂಬರ್ 1ರಂದು, ನಮ್ಮ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತ್ತು. ಆ ಕಾಲದ ಮಕ್ಕಳು ಕಾಲುಸಂಕ ದಾಟಿ, ಕಡವಿನಲ್ಲಿ ದೋಣಿ ಹತ್ತಿ ಶಾಲೆಗೆ ಹೋದರು. ತೆಂಗಿನ ಗರಿಯ ಸೂಟೆ ಹಿಡಿದು ಇರುಳಿನಲ್ಲಿ ಯಕ್ಷಗಾನಕ್ಕೆ ನಡೆದರು. ಗೇಣಿಯನ್ನು ಮುಡಿ ಅಕ್ಕಿಯಲ್ಲಿ ಅಳೆದುಕೊಟ್ಟ ಮನೆಗಳು ಎಷ್ಟೋ. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ಕೊನೆಗೊಂಡ ಮೇಲಷ್ಟೇ ಆ ಮನೆಗಳಲ್ಲಿ ಸ್ವಂತದ್ದೆಂಬ ಕಾಳು ಉಳಿಯಿತು. ಸಾವಿರ ಬೀಡಿ ಕಟ್ಟಿದರೆ ಇಂತಿಷ್ಟು ಎಂಬ ಕೂಲಿಯಲ್ಲಿ ಮಕ್ಕಳನ್ನು ಓದಿಸಿದ ತಾಯಂದಿರು ಈ ಸಭೆಯಲ್ಲಿಯೂ ಕುಳಿತಿರಬಹುದು. ತೋಟವಿದ್ದವರ ಸ್ಥಿತಿಯೂ ನಿಶ್ಚಿಂತವಾಗಿರಲಿಲ್ಲ. ಅಡಕೆಯ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದ ಕಾಲದಲ್ಲಿಯೇ, 1973ರಲ್ಲಿ, ಕರ್ನಾಟಕ ಕೇರಳಗಳೆರಡರ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರ ಸಂಸ್ಥೆ ಹುಟ್ಟಿತು. ಇಂದಿನ ಬೆಲೆ ನಾಳೆ ಇದ್ದೀತೆಂಬ ನಂಬಿಕೆ ಅವರಿಗೆ ಎಂದೂ ಇರಲಿಲ್ಲ.

ಇಂತಹವರು ಬಾಡಿಗೆಯ ಮೊತ್ತವನ್ನು ಕೇಳಿದಾಗ ಅವರ ಮನಸ್ಸು ಅದನ್ನು ರೂಪಾಯಿಯಲ್ಲಿ ಅಳೆಯುವುದಿಲ್ಲ. ದುಡಿಮೆಯ ದಿನಗಳಲ್ಲಿ ಅಳೆಯುತ್ತದೆ. ಕೇರಳದಲ್ಲಿ 2022ರ ಮೇ 1ರಂದು ಜಾರಿಗೆ ಬಂದ ದರವನ್ನೇ ಉದಾಹರಿಸೋಣ. ಬಸ್ಸಿಗೆ ಕನಿಷ್ಠ 10 ರೂಪಾಯಿ, ಆಟೋರಿಕ್ಷಾಕ್ಕೆ 30 ರೂಪಾಯಿ. ಸಣ್ಣ ಟ್ಯಾಕ್ಸಿಗೆ ಮೊದಲ 5 ಕಿಲೋಮೀಟರಿಗೆ 200 ರೂಪಾಯಿ, ಮುಂದಿನ ಪ್ರತಿಯೊಂದಕ್ಕೆ 18 ರೂಪಾಯಿ. ಇಪ್ಪತ್ತು ಕಿಲೋಮೀಟರಿನ ಹಾದಿಗೆ ಬಸ್ಸಿನಲ್ಲಿ ಸುಮಾರು 30 ರೂಪಾಯಿ ಸಾಕಾದರೆ ಟ್ಯಾಕ್ಸಿಗೆ 470 ರೂಪಾಯಿ ಆಗುತ್ತದೆ. ಆ ವರ್ಷ ಇಲ್ಲಿನ ಸಾಮಾಜಿಕ ಕ್ಷೇಮ ಪಿಂಚಣಿ ತಿಂಗಳಿಗೆ 1600 ರೂಪಾಯಿ. ಅದರ ಕಾಲು ಭಾಗಕ್ಕೂ ಮಿಕ್ಕಿದ ಹಣ ಅರ್ಧ ಗಂಟೆಯ ಪ್ರಯಾಣದಲ್ಲಿ ಕರಗಿಹೋಯಿತೆಂದರೆ ವೃದ್ಧೆಯೊಬ್ಬಳು ಹೌಹಾರುವುದರಲ್ಲಿ ಆಶ್ಚರ್ಯವೇನು? "ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು" ಎಂಬ ಗಾದೆಯನ್ನು ಅವಳು ಪುಸ್ತಕದಲ್ಲಿ ಓದಿದವಳಲ್ಲ, ಬಾಳಿ ತಿಳಿದವಳು.

"ಹಣ ಮಗ ಕೊಡುತ್ತಾನಲ್ಲ" ಎಂದು ನಾವು ಸಮಾಧಾನ ಹೇಳುತ್ತೇವೆ. ಅಲ್ಲಿಯೇ ಎರಡನೆಯ ಕಾರಣವಿದೆ. ತನ್ನ ಗಳಿಕೆಯನ್ನು ತಾನು ವ್ಯಯಿಸುವುದು ಸ್ವಾತಂತ್ರ್ಯ; ಮಕ್ಕಳ ಗಳಿಕೆಯನ್ನು ತನ್ನ ಸುಖಕ್ಕಾಗಿ ವ್ಯಯಿಸುವುದು ಋಣವೆಂಬ ಭಾವನೆ ಆ ತಲೆಮಾರಿನದು. ಮಗನು ಪರಸ್ಥಳದಲ್ಲಿ ಮನೆಯ ಬಾಡಿಗೆ ತೆತ್ತು, ಮಕ್ಕಳ ಶುಲ್ಕ ಕಟ್ಟಿ, ಸಾಲದ ಕಂತು ತುಂಬುತ್ತಿರುವುದನ್ನು ತಂದೆ ಬಲ್ಲನು. ಅವನು ಕಾರನ್ನು ನಿರಾಕರಿಸುವಾಗ ಮಗನ ಪ್ರೀತಿಯನ್ನು ನಿರಾಕರಿಸುತ್ತಿಲ್ಲ. ತನ್ನಿಂದಾಗುವ ಕೊನೆಯ ಸಹಾಯವೆಂದು ಆ ನಾಲ್ಕುನೂರು ರೂಪಾಯಿಯನ್ನು ಮಗನಿಗೆ ಉಳಿಸಿಕೊಡುತ್ತಾನೆ.

ಮೂರನೆಯ ಕಾರಣ ಇನ್ನೂ ಒಳಗಿನದು. ನಮ್ಮ ಹಳ್ಳಿಗಳ ಅಂಗಳಕ್ಕೆ ಹಿಂದೆ ಕಾರು ಬರುತ್ತಿದ್ದುದು ಯಾವಾಗ? ಮದುವೆಯ ದಿಬ್ಬಣಕ್ಕೊಮ್ಮೆ, ಅದನ್ನು ಬಿಟ್ಟರೆ ಹೆರಿಗೆ ಕಷ್ಟವಾದಾಗ, ಹಾವು ಕಚ್ಚಿದಾಗ, ಆಸ್ಪತ್ರೆಯಿಂದ ಹೆಣ ತರುವಾಗ. ಕಾರಿನ ಸದ್ದು ಕೇಳಿದರೆ ನೆರೆಯವರು ಕೈಕೆಲಸ ಬಿಟ್ಟು ಓಡಿಬರುತ್ತಿದ್ದರು. ಆ ನೆನಪುಳ್ಳವರಿಗೆ ಬಾಡಿಗೆ ಕಾರು ಹತ್ತುವುದೆಂದರೆ, ತಾನು ಕೈಲಾಗದವನಾದೆನೆಂದು ಊರಿಗೆಲ್ಲ ಸಾರಿದಂತೆ. ನಡೆದು ಹೋಗಿ ನಡೆದು ಬಂದವನು ಇನ್ನೂ ತನ್ನ ಮನೆಯ ಯಜಮಾನ. ಈ ಅಭಿಮಾನವನ್ನು ನಾವು "ಹಟ" ಎಂದು ಕರೆಯುತ್ತೇವೆ. ಹೆಸರು ತಪ್ಪಾದಲ್ಲಿ ಔಷಧವೂ ತಪ್ಪುತ್ತದೆ.

ನಾಲ್ಕನೆಯದು ಬಸ್ಸಿನ ಆಕರ್ಷಣೆ. ನಮ್ಮದು ಸಪ್ತಭಾಷೆಗಳ ನೆಲವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಮಾತಿಗೆ ಸಾಕ್ಷಿ ಬೇಕಿದ್ದರೆ ಮುಳ್ಳೇರಿಯದಿಂದಲೋ ಪೆರ್ಲದಿಂದಲೋ ಹೊರಟ ಬೆಳಗಿನ ಬಸ್ಸನ್ನು ಹತ್ತಬೇಕು. ಕನ್ನಡ, ತುಳು, ಮಲೆಯಾಳ, ಕೊಂಕಣಿ, ಮರಾಟಿಗಳು ಒಂದೇ ಸೀಟಿನ ಸಾಲಿನಲ್ಲಿ ಕುಳಿತಿರುತ್ತವೆ. ಯಾರ ಮನೆಯಲ್ಲಿ ಶುಭಕಾರ್ಯ, ಯಾರ ತೋಟಕ್ಕೆ ಕೊಳೆರೋಗ, ಅಡಕೆಗೆ ಧಾರಣೆಯೆಷ್ಟು ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ಮಕ್ಕಳು ದೂರವಾದ ಮನೆಯಲ್ಲಿ ದಿನವಿಡೀ ಮಾತಿಲ್ಲದೆ ಕಳೆಯುವ ಮುದುಕಿಗೆ ವಾರಕ್ಕೊಮ್ಮೆಯ ಬಸ್ಸು ಪ್ರಯಾಣವೇ ಸಭೆ, ಅದೇ ವಾರ್ತಾಪತ್ರಿಕೆ. ಕನ್ನಡವನ್ನಷ್ಟೇ ಓದಬಲ್ಲ ಹಿರಿಯರು ಮಲೆಯಾಳದ ಫಲಕವನ್ನು ಓದಲಾರದಿದ್ದರೂ ಬಸ್ಸನ್ನು ಬಣ್ಣದಿಂದ, ವೇಳೆಯಿಂದ, ಕಂಡಕ್ಟರನ ಮುಖದಿಂದ ಗುರುತಿಸಬಲ್ಲರು. ಫೋನಿನ ತೆರೆಯ ಮೇಲೆ ಬೆರಳೊತ್ತಿ ಕರೆಸುವ ಕಾರಿನಲ್ಲಿ ಗುರುತಿನ ಮುಖವಿಲ್ಲ, ಬಾಡಿಗೆ ಎಷ್ಟಾಗುವುದೋ ಎಂಬ ಅಳುಕೂ ತಪ್ಪದು.

ಇಷ್ಟು ಹೇಳಿದುದು ಹಿರಿಯರ ಪರವಾಗಿ. ಆದರೆ ವಕಾಲತ್ತು ಇಲ್ಲಿಗೇ ಮುಗಿದರೆ ನಾವು ಅವರಿಗೆ ಹಿತವನ್ನು ಬಯಸಿದಂತಾಗದು. ಆರೋಗ್ಯದಲ್ಲಿ ಭೂಷಣವಾದ ಮಿತವ್ಯಯ ರೋಗದಲ್ಲಿ ಶತ್ರುವಾಗಬಲ್ಲುದು.

ನಮಗೆ ತಿಳಿದ ಮನೆಯೊಂದರ ತಾಯಿಗೆ ರಾತ್ರಿ ಹತ್ತು ಗಂಟೆಗೆ ಎದೆನೋವು ಕಾಣಿಸಿತು. ಕಾರು ತರಿಸುತ್ತೇವೆಂದರೆ, "ಬೆಳಗ್ಗೆ ಮೊದಲಿನ ಬಸ್ಸು ಉಂಟಲ್ಲ, ಅಷ್ಟರ ತನಕ ತಡೆದೇನು" ಎಂದು ಶುಂಠಿ ಕಷಾಯ ಕುಡಿದು ಮಲಗಿದರು. ಸೊಸೆ ಬೆಳಗಾಗುವವರೆಗೆ ಕಾಲಬಳಿ ಕುಳಿತಿದ್ದಳು. ಬೆಳಗ್ಗೆ ಮಂಗಳೂರಿಗೆ ತಲುಪಿಸಿದಾಗ ವೈದ್ಯರು, ಜೀವ ಉಳಿಯಿತು, ಆದರೆ ಹೃದಯದ ಬಲದ ದೊಡ್ಡ ಭಾಗ ರಾತ್ರಿಯಲ್ಲಿಯೇ ಹೋಯಿತು ಎಂದರು. ನಿತ್ಯ ದೇವಸ್ಥಾನಕ್ಕೆ ನಡೆದು ಹೋಗುತ್ತಿದ್ದ ಆ ತಾಯಿ ಈಗ ಅಂಗಳ ದಾಟುವುದಕ್ಕೂ ಏದುಸಿರು ಬಿಡುತ್ತಾರೆ. ಯಾವ ನಡಿಗೆಯ ಅಭಿಮಾನಕ್ಕಾಗಿ ಕಾರನ್ನು ಬೇಡವೆಂದರೋ ಆ ನಡಿಗೆಯನ್ನೇ ಆ ಒಂದು ರಾತ್ರಿ ಕಸಿದುಕೊಂಡಿತು.

ಹೃದಯಾಘಾತವಾದಾಗ ರಕ್ತ ತಲುಪದ ಸ್ನಾಯು ಗಂಟೆ ಗಂಟೆಗೆ ನಶಿಸುತ್ತ ಹೋಗುತ್ತದೆ. ಮೆದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯುವಾದರೆ, ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೆಳಗಿನ ಬಸ್ಸು ಆ ಗಡುವನ್ನು ತಿಳಿಯದು. ಅದರಲ್ಲಿಯೂ ದೊಡ್ಡ ಕಾಯಿಲೆಗೆ ನಮ್ಮವರು ನೆಚ್ಚಿರುವುದು ಮಂಗಳೂರನ್ನು. ಕಾಸರಗೋಡಿನಿಂದ ಅದು ಸುಮಾರು 50 ಕಿಲೋಮೀಟರು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿದಾಗ, ವಾಹನವಿದ್ದೂ ದಾಟಲಾರದೆ ರೋಗಿಗಳು ಮರಣ ಹೊಂದಿದರು. ವಿಷಯ ನ್ಯಾಯಾಲಯದ ಮೆಟ್ಟಲೇರಿತು. ಅಂದು ಮುಚ್ಚಿದ ಹಾದಿಗಾಗಿ ನಾವೆಲ್ಲ ಕಣ್ಣೀರಿಟ್ಟೆವು. ಹಾದಿ ತೆರೆದಿರುವ ದಿನಗಳಲ್ಲಿ ನಾಲ್ಕು ಕಾಸಿಗಾಗಿ ನಾವೇ ಅದನ್ನು ಮುಚ್ಚಿಕೊಳ್ಳಬಹುದೆ?

ಹಾಗಾದರೆ ಮಾಡಬೇಕಾದುದೇನು? ತರುಣರಿಗೆ ನಮ್ಮ ಮೊದಲ ವಿನಂತಿ: ಗದರಿಸಬೇಡಿ, ನಗಬೇಡಿ. ದೂರದಿಂದ ಕಾರು ಕಳುಹಿಸುವುದಕ್ಕಿಂತ ಊರಿನ, ಗುರುತಿನ, ಅವರ ಮಾತು ತಿಳಿಯುವ ಚಾಲಕನೊಬ್ಬನನ್ನು ಮೊದಲೇ ನಿಶ್ಚಯಿಸಿಡಿ. ಅವನು ಗಡಿಯಾಚೆಗೆ ಬರಬಲ್ಲನೇ, ಅದರ ಪರವಾನಗಿ ತೆರಿಗೆಗಳು ಏನು ಎಂಬುದನ್ನೂ ಮೊದಲೇ ಕೇಳಿಡಿ. ಬಾಡಿಗೆಯನ್ನು ಹಿರಿಯರ ಕೈಯಿಂದಲೇ ಕೊಡಿಸಿ. ಆರೋಗ್ಯವಾಗಿರುವ ದಿನಗಳಲ್ಲಿ ಅವರು ಬಸ್ಸಿನಲ್ಲಿ ಹೋಗುತ್ತೇನೆಂದರೆ ಸಂತೋಷದಿಂದ ಬಿಡಿ; ಸಾಧ್ಯವಾದರೆ ಒಂದು ದಿನ ಜೊತೆಯಲ್ಲಿ ನೀವೂ ಹತ್ತಿ.

ಹಿರಿಯರಲ್ಲಿ ನಮ್ಮ ಅರಿಕೆ ಹೀಗಿದೆ. ಅಡಕೆ ಮಾರಿದ ದಿನ ತೀರ್ವೆಗೆಂದು, ಗೊಬ್ಬರಕ್ಕೆಂದು, ಪೂಜೆಗೆಂದು ತಾವು ಹಣ ತೆಗೆದಿಡುತ್ತೀರಿ. ಹಾಗೆ ತೆಗೆದಿಟ್ಟ ಹಣ ಖರ್ಚಾದಾಗ ತಮಗೆ ವ್ಯಥೆಯಿಲ್ಲ; ಅದು ಅದರ ಕೆಲಸಕ್ಕೆ ಹೋಯಿತೆಂಬ ತೃಪ್ತಿಯಿದೆ. ಅದೇ ರೀತಿ ಬಾಡಿಗೆಗೆಂದು ಒಂದು ಡಬ್ಬಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ತೆಗೆದಿಡಿ. ಎದೆನೋವು, ತಲೆಸುತ್ತು, ಬಾಯಿ ಸೊಟ್ಟಗಾಗುವುದು, ರಾತ್ರಿಯ ಹೊತ್ತು ಬಿದ್ದು ನೋಯುವುದು, ಇವುಗಳಲ್ಲಿ ಯಾವುದಾದರೂ ಬಂದಾಗ ಡಬ್ಬಿ ತೆರೆಯಿರಿ. ತುರ್ತಿನಲ್ಲಿ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸಿಗೆ ಬಾಡಿಗೆಯನ್ನೂ ಕೊಡಬೇಕಾಗಿಲ್ಲ.

ಮೂರು ಸೀಟು ಹಾಳಾದವೆಂಬ ಆ ಹಿರಿಯರ ಪ್ರಶ್ನೆಗೂ ಉತ್ತರವುಂಟು. ಒಂದೇ ಹಳ್ಳಿಯ ನಾಲ್ವರು ಹಿರಿಯರು ವೈದ್ಯರಲ್ಲಿಗೆ ಹೋಗುವ ದಿನವನ್ನು ಒಂದುಗೂಡಿಸಿದರೆ, ನಾವು ಹೇಳಿದ 470 ರೂಪಾಯಿ ತಲೆಗೆ 120 ರೂಪಾಯಿಯೊಳಗೆ ಇಳಿಯುತ್ತದೆ. ಬಸ್ಸಿನ ಮಾತುಕತೆಯೂ ಕಾರಿನೊಳಕ್ಕೆ ಬರುತ್ತದೆ. ಇಂತಹ ಜೊತೆಪ್ರಯಾಣವನ್ನು ಹೊಂದಿಸುವ ಕಾರ್ಯವನ್ನು ನಮ್ಮ ಸಂಘದ ತರುಣರು ಕೈಗೊಳ್ಳಬಾರದೇಕೆ? ಹಳ್ಳಿಗೊಬ್ಬ ಸ್ವಯಂಸೇವಕ, ಕನ್ನಡದಲ್ಲಿ ಬರೆದ ಒಂದು ಚೀಟಿ, ಅದರಲ್ಲಿ ಇಬ್ಬರು ಚಾಲಕರ ದೂರವಾಣಿ ಸಂಖ್ಯೆ, ಇಷ್ಟಾದರೆ ಸಾಕು. ಗಡಿನಾಡಿನಲ್ಲಿ ಕನ್ನಡವನ್ನು ಉಳಿಸುವುದೆಂದರೆ ಅದನ್ನಾಡುವವರನ್ನು ಉಳಿಸಿಕೊಳ್ಳುವುದೂ ಹೌದು.

ಮಹನೀಯರೆ, ಈ ಹಿರಿಯರು ತಮಗಾಗಿ ಖರ್ಚು ಮಾಡದೆ ಉಳಿಸಿದ ಹಣದಿಂದ ನಾವು ಓದಿದೆವು, ನಮ್ಮ ಶಾಲೆಗಳು ನಿಂತವು. ಆ ಉಳಿತಾಯದ ಫಲವನ್ನು ಉಂಡವರು ನಾವು. ಅದರಲ್ಲಿ ಒಂದಂಶ, ಆಪತ್ತಿನ ದಿನ ಅವರನ್ನು ಹೊತ್ತು ನಡೆಯುವ ಗಾಡಿಗೆ ಸಲ್ಲುವುದು ದುಂದೆನಿಸದು. ಅದು ಸಾಲದ ಮರುಪಾವತಿ.